ಗೈಡಿಗೆ ಐದು ಸ್ಟಾರ್, ಕಂಪನಿಗೆ ಎರಡೂವರೆ

ಮೂರು ತಿಂಗಳಿಂದ ನನ್ನ ವಾಟ್ಸಾಪ್‌ಗೆ ಒಂದೇ ಪ್ರಶ್ನೆ ಬರುತ್ತಿದೆ. "ಟೀಚರ್, ನೀವು ಹೋಲಿ ಲ್ಯಾಂಡ್ ಟೂರಿಗೆ ಹೋಗಿದ್ರಲ್ಲ, ಹೇಗಿತ್ತು? ದುಡ್ಡು ಕಟ್ಟಬಹುದಾ?" ಹೋಲಿ ಲ್ಯಾಂಡ್ ಅಂದರೆ ಯೇಸು ಹುಟ್ಟಿ ಬೆಳೆದ ನಾಡು, ಈಗಿನ ಇಸ್ರೇಲ್, ಪ್ಯಾಲೆಸ್ತೀನ್, ಜೋರ್ಡಾನ್ ಕಡೆ. ಪ್ರಶ್ನೆಯ ಜೊತೆಗೆ ಅದೇ ಜಾಹೀರಾತು, ಅದೇ ಚಿನ್ನದ ಗುಮ್ಮಟದ ಫೋಟೋ, "10 ದಿನ, 27 ಪುಣ್ಯಸ್ಥಳ" ಅನ್ನುವ ಅದೇ ಸಾಲು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಒಂದು ಸಲ ಬರೆದಿಟ್ಟರೆ ಕೇಳಿದವರಿಗೆಲ್ಲ ಕಳಿಸಬಹುದು ಅಂತ ಕೂತಿದ್ದೇನೆ.

ನಾನು ಸಾಗರದವಳು. 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು, ಅದರಲ್ಲಿ ಕೊನೆಯ ವರ್ಷಗಳು ಶಿಕಾರಿಪುರ ತಾಲ್ಲೂಕಿನಲ್ಲಿ. ನಾನು ಚರ್ಚಿಗೆ ಹೋಗುವವಳಲ್ಲ. ಹೋಗುವವಳು ನನ್ನ ಗೆಳತಿ, ಶಿವಮೊಗ್ಗದಲ್ಲಿ ನರ್ಸ್ ಆಗಿ ನಿವೃತ್ತಿಯಾದವಳು. ಅವಳೂ ಅವಳ ಯಜಮಾನರೂ ದುಡ್ಡು ಕಟ್ಟಿದ್ದರು. ಕೊನೇ ಗಳಿಗೆಯಲ್ಲಿ ಯಜಮಾನರ ಕಾಲಿನ ಗಾಯ ಮಾಯಲಿಲ್ಲ, ಶುಗರ್ ಬೇರೆ. ಕಟ್ಟಿದ ದುಡ್ಡು ವಾಪಸ್ ಇಲ್ಲ, ಹೆಸರು ಬದಲಾಯಿಸಬಹುದು ಅಂದರು. "ಬರ್ತೀಯೇನೇ ಮಾರಾಯ್ತಿ, ವರ್ಷಾ ವರ್ಷ ಬೋರ್ಡಿನ ಮೇಲೆ ಬೆತ್ಲೆಹೆಮ್ ಅಂತ ಬರೆದಿದ್ದೀಯ, ಒಂದು ಸಲ ನೋಡಿ ಬಾ" ಅಂದಳು. ನಮ್ಮನೆಯವರಿಗೆ ಆಗ ಅಡಿಕೆ ಕೊಯ್ಲು ಮುಗಿಯುವ ಹೊತ್ತು. ಹೋಗು ಅಂದರು. ಹೋದೆ. ತಲೆಗೆ 1 ಲಕ್ಷ 38 ಸಾವಿರ. ಇದರ ಮೇಲೆ ಟಿಪ್ಸ್ ಅಂತ ದಿನಕ್ಕೆ 8 ಡಾಲರ್. ಇದನ್ನು ಹೊರಡುವ ಹಿಂದಿನ ವಾರ ಹೇಳಿದರು, ನೆನಪಿಟ್ಟುಕೊಳ್ಳಿ.

ಹೋಗಿದ್ದು 2023ರ ಫೆಬ್ರವರಿಯಲ್ಲಿ. ನಾವು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ವಿಮಾನ ಹತ್ತಿದೆವು. ಅದೇ ತಿಂಗಳು 27ಕ್ಕೆ ಸೋಗಾನೆಯಲ್ಲಿ ನಮ್ಮ ವಿಮಾನ ನಿಲ್ದಾಣದ ಉದ್ಘಾಟನೆ ಆಯಿತು. ನಮ್ಮ ಹಣೆಬರಹ. ಅಕ್ಟೋಬರ್‌ನಲ್ಲಿ ಅಲ್ಲಿ ಯುದ್ಧ ಶುರುವಾಯಿತು, ಟೂರುಗಳೆಲ್ಲ ನಿಂತವು. ಈಗ ಮತ್ತೆ ಜಾಹೀರಾತು ಓಡಾಡುತ್ತಿದೆ. ಹೋಗಬೇಕೋ ಬೇಡವೋ ಅನ್ನುವುದಕ್ಕೆ ವಿದೇಶಾಂಗ ಇಲಾಖೆಯ ಸೂಚನೆ ನೋಡಿ, ನನ್ನನ್ನು ಕೇಳಬೇಡಿ. ಟೂರು ಹೇಗಿತ್ತು ಅನ್ನುವುದಕ್ಕಷ್ಟೇ ನಾನು ಜವಾಬ್ದಾರಿ.

ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ತರಹ ನಡೆಸುವವರು ಸುಮಾರು ಜನ ಇದ್ದಾರೆ, ಒಬ್ಬರನ್ನೇ ಹಿಡಿದು ಬೈಯ್ಯುವುದು ಸರಿಯಲ್ಲ. ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ವೀಸಾ ಕೆಲಸ ಅಚ್ಚುಕಟ್ಟು. ಬಸ್ಸು ಚೆನ್ನಾಗಿತ್ತು. ಹೋಟೆಲುಗಳಲ್ಲಿ ಬಿಸಿನೀರು ಬರುತ್ತಿತ್ತು, ಹಾಸಿಗೆ ಸ್ವಚ್ಛ. ಊಟಕ್ಕೆ ನಾನು ಹೆದರಿಕೊಂಡು ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಬೇಕಿರಲಿಲ್ಲ. ತರಕಾರಿ, ಕಡಲೆ ರುಬ್ಬಿದ ಹಮ್ಮುಸ್, ಬಿಸಿ ರೊಟ್ಟಿ, ಆಲಿವ್ ಎಲ್ಲ ಧಾರಾಳ. ಫಲಾಫೆಲ್ ಅನ್ನುವುದು ನಮ್ಮ ಮಸಾಲೆ ವಡೆಯ ದೊಡ್ಡಪ್ಪನ ಮಗ. ಸಸ್ಯಾಹಾರಿಗಳಿಗೆ ತೊಂದರೆಯೇ ಇಲ್ಲ. ಗಲಿಲಾಯ ಸಮುದ್ರ ಅಂತ ಹೆಸರು, ನಿಜಕ್ಕೆ ದೊಡ್ಡ ಸಿಹಿನೀರಿನ ಕೆರೆ. ಅದರ ದಂಡೆಯಲ್ಲಿ "ಸಂತ ಪೇತ್ರನ ಮೀನು" ಅಂತ ಇಡೀ ಮೀನು ಹುರಿದು ಕೊಡುತ್ತಾರೆ. ಗೆಳತಿ ಭಕ್ತಿಯಿಂದ ತಟ್ಟೆ ಎಳೆದುಕೊಂಡಳು, ಒಂದು ತುತ್ತು ತಿಂದು ನನ್ನ ಮುಖ ನೋಡಿದಳು. "ಇದು ನಮ್ಮ ಜಿಲೇಬಿ ಮೀನೇ ಕಣೇ!"

ಇನ್ನು ವಿಷಯಕ್ಕೆ ಬರುತ್ತೇನೆ.

ನಾವು 34 ಜನ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆಯವರು, ಜೊತೆಗೆ ಒಬ್ಬರು ಫಾದರ್. ಭದ್ರಾವತಿಯ ಒಬ್ಬ ಅಜ್ಜಿ ಇದ್ದರು, 76 ವರ್ಷ. ಮಗ ದುಡ್ಡು ಕಟ್ಟಿ ಕಳಿಸಿದ್ದ, ತಾನು ಬಂದಿರಲಿಲ್ಲ. ಅಜ್ಜಿಗೆ ಕನ್ನಡ, ತಮಿಳು ಬಿಟ್ಟರೆ ಬೇರೆ ಬಾರದು. ಕಂಪನಿಯ ಜಾಹೀರಾತಿನಲ್ಲಿ "ಕನ್ನಡದಲ್ಲಿ ವಿವರಣೆ" ಅಂತ ದಪ್ಪ ಅಕ್ಷರದಲ್ಲಿತ್ತು. ಅದಕ್ಕೆಂದು ಒಬ್ಬ ಟೂರ್ ಮ್ಯಾನೇಜರ್ ಹುಡುಗ ಜೊತೆಗೆ ಬಂದಿದ್ದ. ಒಳ್ಳೆಯ ಹುಡುಗ, ಲಗೇಜು ಎತ್ತಿಕೊಡುತ್ತಿದ್ದ. ಆದರೆ ಅವನ ಕನ್ನಡ ವಿವರಣೆ ಹೇಗಿತ್ತು ಅಂದರೆ, ಗೈಡು ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡುವುದು, ಇವನು ಮೈಕ್ ತಗೊಂಡು "ಇದು ತುಂಬಾ ಪವಿತ್ರ ಜಾಗ, ಎಲ್ಲರೂ ಫೋಟೋ ತಗೊಳ್ಳಿ, 15 ನಿಮಿಷ" ಅನ್ನುವುದು.

ಇದು ಮೊದಲು ಗೊತ್ತಾಗಿದ್ದು ಜೋರ್ಡಾನಿನ ಮಾದಬಾದಲ್ಲಿ. ಅಲ್ಲಿ ಸಂತ ಜಾರ್ಜ್ ಚರ್ಚಿನ ನೆಲದ ಮೇಲೆ ಒಂದು ನಕ್ಷೆ ಇದೆ. ಆರನೇ ಶತಮಾನದ್ದು. ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿ ಮಾಡಿದ್ದು. ಆ ನಾಡಿನ ನಕ್ಷೆಗಳಲ್ಲಿ ಉಳಿದಿರುವುದರಲ್ಲಿ ಇದೇ ಹಳೆಯದು. ಹಳೇ ಚರ್ಚು ಹಾಳಾಗಿ ಮಣ್ಣಿನಡಿ ಹೋಗಿತ್ತು, 19ನೇ ಶತಮಾನದ ಕೊನೆಗೆ ಅದೇ ಜಾಗದಲ್ಲಿ ಹೊಸದು ಕಟ್ಟುವಾಗ ನೆಲ ಮತ್ತೆ ಕಾಣಿಸಿತು. ಈಗ ಉಳಿದಿರುವುದು ಒಂದು ಭಾಗ ಮಾತ್ರ.

31 ವರ್ಷ ಮಕ್ಕಳಿಗೆ "ನಕ್ಷೆಯ ಮೇಲ್ಭಾಗ ಯಾವಾಗಲೂ ಉತ್ತರ" ಅಂತ ಹೇಳಿಕೊಟ್ಟವಳು ನಾನು. ಇದರ ಮೇಲ್ಭಾಗ ಪೂರ್ವ! ಚರ್ಚಿನ ಪೀಠ ಇರುವ ದಿಕ್ಕು ಅದು. ಹಗ್ಗದಾಚೆ ನಿಂತು ನೋಡುತ್ತಾ ಹೋದರೆ ಜೆರುಸಲೇಮ್ ಒಂದು ಮೊಟ್ಟೆಯಾಕಾರದಲ್ಲಿದೆ, ನಡುವೆ ಕಂಬಸಾಲಿನ ಬೀದಿ. ಮೃತ ಸಮುದ್ರದಲ್ಲಿ ಎರಡು ದೋಣಿ. ದೋಣಿಯಲ್ಲಿರುವವರ ಮುಖಗಳನ್ನು ಯಾರೋ ಯಾವ ಕಾಲದಲ್ಲೋ ಅಳಿಸಿದ್ದಾರೆ. ನನಗೆ ತುಂಬಾ ಇಷ್ಟವಾಗಿದ್ದು ಒಂದು ಮೀನು. ಯೊರ್ದನ್ ನದಿಯಲ್ಲಿ ಮೀನುಗಳು ಈಜುತ್ತಿವೆ. ಅದರಲ್ಲಿ ಒಂದು ಮೃತ ಸಮುದ್ರದ ಬಾಯಿಯ ತನಕ ಹೋಗಿ, ಉಪ್ಪು ನೋಡಿ, ತಿರುಗಿ ವಾಪಸ್ ಬರುತ್ತಿದೆ. ಆ ಕಲ್ಲು ಜೋಡಿಸಿದವನಿಗೆ ತಮಾಷೆ ಗೊತ್ತಿತ್ತು.

ಟೂರ್ ಮ್ಯಾನೇಜರ್ ಮೈಕಿನಲ್ಲಿ "ಇದು ಹಳೇ ಕಾಲದ ಮ್ಯಾಪು" ಅಂದು ಮುಗಿಸಿದ. ಅಜ್ಜಿ ನನ್ನ ಸೆರಗು ಎಳೆದು "ಟೀಚರಮ್ಮ, ಎಲ್ಲರೂ ಏನು ನೋಡ್ತಿದ್ದಾರೆ?" ಅಂದರು. ಮೀನು ತೋರಿಸಿದೆ. ಅಜ್ಜಿ ಜೋರಾಗಿ ನಕ್ಕರು, ಚರ್ಚಿನವನು ಬಂದು ಬಾಯಿ ಮೇಲೆ ಬೆರಳಿಟ್ಟ. ಅಲ್ಲಿಂದ ಮುಂದೆ ಬಸ್ಸಿನ ಹಿಂದಿನ ಸೀಟಿನಲ್ಲಿ ನನ್ನ ಕ್ಲಾಸ್ ಶುರುವಾಯಿತು. ಸಂಬಳವಿಲ್ಲ. ದಿನಕ್ಕೆ 8 ಡಾಲರ್ ನಾನೇ ಕೊಟ್ಟು.

ನೆಬೋ ಬೆಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಹೂದಿಗಳ ಪ್ರವಾದಿ ಮೋಶೆ ಅಲ್ಲಿ ನಿಂತು, ದೇವರು ಕೊಡುತ್ತೇನೆ ಅಂದಿದ್ದ ವಾಗ್ದತ್ತ ನಾಡನ್ನು ಇಡೀ ನೋಡಿದ ಅಂತ ಬೈಬಲ್. ನಾವು ನಿಂತಾಗ ಬರೀ ಮಂಜು. ಆಗುಂಬೆಗೆ ಸೂರ್ಯಾಸ್ತ ನೋಡಲು ಹೋದವರ ಗತಿಯೇ.

ಇಸ್ರೇಲ್ ಗಡಿ ದಾಟುವುದಕ್ಕೆ ಮೂರೂವರೆ ಗಂಟೆ. ನನ್ನ ಬ್ಯಾಗು ಪಕ್ಕಕ್ಕೆ ಹೋಯಿತು. ಅಪ್ಪೆಮಿಡಿ ಬಾಟಲಿ! ಅಧಿಕಾರಿ ಹುಡುಗಿ ಮುಚ್ಚಳ ತೆಗೆದು ಮೂಸಿದಳು. ಇನ್ನೊಬ್ಬಳನ್ನು ಕರೆದಳು. "ಏನಿದು?" "ಮಾವಿನಕಾಯಿ." "ಇಷ್ಟು ಚಿಕ್ಕದಾ?" ಆಮೇಲೆ ಮುಚ್ಚಳ ಹಾಕಿ, ಕೈ ಒರೆಸಿಕೊಂಡು ಕಳಿಸಿದಳು. ಅಲ್ಲಿ ಪಾಸ್‌ಪೋರ್ಟಿಗೆ ಸೀಲ್ ಹೊಡೆಯುವುದಿಲ್ಲ, ಸಣ್ಣ ಚೀಟಿ ಕೊಡುತ್ತಾರೆ. ಕಳೆದುಕೊಳ್ಳಬೇಡಿ.

ಗಡಿಯಾಚೆ ನಮಗೆ ಸಿಕ್ಕವನು ಈ ಟೂರಿನ ಗೈಡ್. ನಜರೇತ್‌ನವನು, ಅರಬ್ ಕ್ರೈಸ್ತ, ಐವತ್ತರ ಆಸುಪಾಸು. ಮೊದಲ ದಿನವೇ ಬಸ್ಸಿನಲ್ಲಿ ಹೇಳಿದ. "ನಾನು ಬೆರಳ ಗೆಣ್ಣಿನಿಂದ ಕಲ್ಲನ್ನು ತಟ್ಟಿದರೆ, ಅದು ಅಗೆದು ನೋಡಿ ಗೊತ್ತಾಗಿದ್ದು. ಎದೆ ಮೇಲೆ ಕೈ ಇಟ್ಟರೆ, ಅದು ಜನ ನಂಬಿಕೊಂಡು ಬಂದಿದ್ದು. ಎರಡೂ ನನಗೆ ಬೇಕು. ಆದರೆ ಒಂದನ್ನು ಇನ್ನೊಂದು ಅಂತ ನಿಮಗೆ ಮಾರುವುದಿಲ್ಲ." ಹತ್ತು ದಿನದಲ್ಲಿ ನಾನು ಕೇಳಿದ ಅತ್ಯುತ್ತಮ ಮಾತು ಇದು. ಬಳ್ಳಿಗಾವಿಗೆ ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಹೋಗಿಲ್ಲ ನಾನು! ಅಲ್ಲಮನ ಊರು ಇದು ಅಂತ ಹೇಳುವಾಗ ಯಾವುದು ಶಾಸನ ಹೇಳಿದ್ದು, ಯಾವುದು ಜನ ಹೇಳಿದ್ದು ಅಂತ ಬೇರೆ ಮಾಡಿ ಹೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಅಜ್ಜಿ ಎರಡೇ ದಿನದಲ್ಲಿ ಇದನ್ನು ಕಲಿತುಬಿಟ್ಟರು. ಎಲ್ಲಿ ಇಳಿದರೂ ಮೊದಲ ಪ್ರಶ್ನೆ: "ಇದು ಕಲ್ಲಾ, ಎದೆಯಾ, ಟೀಚರಮ್ಮ?"

ಗಲಿಲಾಯದ ದಂಡೆಯ ಹಳೇ ಊರು ಕಪೆರ್ನೌಮ್‌ನಲ್ಲಿ ಗೈಡು ತಟ್ಟಿದ್ದೇ ತಟ್ಟಿದ್ದು. ಅಲ್ಲಿ ಬಿಳಿ ಸುಣ್ಣಕಲ್ಲಿನ ಯಹೂದಿ ಪ್ರಾರ್ಥನಾ ಮಂದಿರದ ಅವಶೇಷ ನಿಂತಿದೆ. ಅದರ ಬುಡ ನೋಡಿದರೆ ಕರಿಕಲ್ಲು. ಮೇಲಿನದು ನಾಲ್ಕು ಐದನೇ ಶತಮಾನದ್ದು, ಕೆಳಗೆ ಅದಕ್ಕಿಂತ ಹಳೆಯ ಕಟ್ಟಡ. ಯೇಸು ಬೋಧಿಸಿದ ಮಂದಿರ ಇದೇನಾ ಅಂತ ಫಾದರ್ ಕೇಳಿದರು. ಗೈಡು ಬಿಳಿ ಕಂಬ ತಟ್ಟಿ ಇದಲ್ಲ ಅಂದ. ಕೆಳಗಿನ ಕರಿಕಲ್ಲಿನತ್ತ ಕೈ ತೋರಿಸಿ, ಆ ಕೈಯನ್ನು ಎದೆಗೆ ತಂದ.

ಹತ್ತಿರದಲ್ಲೇ ಗಿನೋಸರ್ ಅನ್ನುವ ಊರಿನ ಮ್ಯೂಸಿಯಂನಲ್ಲಿ ಒಂದು ದೋಣಿ ಇದೆ. ಇದನ್ನು ನೋಡಲಿಕ್ಕಾದರೂ ಈ ಟೂರು ಮಾಡಬಹುದು ಅಂತ ನನ್ನ ಅಭಿಪ್ರಾಯ. ಗೆಳತಿ ಒಪ್ಪುವುದಿಲ್ಲ, ಬಿಡಿ. 1986ರಲ್ಲಿ ಬರ ಬಂದು ಗಲಿಲಾಯದ ನೀರು ಹಿಂದೆ ಸರಿದಿತ್ತು. ಅಣ್ಣತಮ್ಮ ಇಬ್ಬರು ಮೀನುಗಾರರು ದಂಡೆಯ ಕೆಸರಿನಲ್ಲಿ ಮರದ ಅಂಚು ಕಂಡರು. ಅಗೆದರೆ ಎರಡು ಸಾವಿರ ವರ್ಷದ ದೋಣಿ. ಎಂಟು ಮೀಟರಿಗಿಂತ ಸ್ವಲ್ಪ ಉದ್ದ, ಎರಡೂಕಾಲು ಮೀಟರ್ ಅಗಲ. ಗಾಳಿ ತಾಗಿದರೆ ಪುಡಿಯಾಗುವ ಸ್ಥಿತಿ. ಹನ್ನೊಂದು ದಿನ ರಾತ್ರಿ ಹಗಲು ಅಗೆದು, ಮೈಗೆಲ್ಲ ನೊರೆಯಂಥ ಪ್ಲಾಸ್ಟಿಕ್ ಹೊದಿಸಿ, ಕೆರೆಯ ಮೇಲೇ ತೇಲಿಸಿಕೊಂಡು ಬಂದರಂತೆ. ಆಮೇಲೆ ಮೇಣದಂಥ ದ್ರಾವಣದಲ್ಲಿ ವರ್ಷಗಟ್ಟಲೆ ಮುಳುಗಿಸಿಟ್ಟು ಮರ ಗಟ್ಟಿ ಮಾಡಿದರು.

ಹತ್ತಿರ ಹೋಗಿ ನೋಡಿದರೆ ಬರೀ ತೇಪೆ. ಹನ್ನೆರಡು ಜಾತಿಯ ಮರ ಅದರಲ್ಲಿದೆ. ಯಾವನೋ ಬಡವ ಒಂದು ಹಲಗೆ ಹೋದಾಗ ಕೈಗೆ ಸಿಕ್ಕ ಇನ್ನೊಂದು ಹಾಕಿ, ಅದು ಹೋದಾಗ ಮತ್ತೊಂದು ಹಾಕಿ ದಿನ ದೂಡಿದ್ದಾನೆ. "ಯೇಸುವಿನ ದೋಣಿ" ಅಂತ ಅಂಗಡಿಗಳಲ್ಲಿ ಮಾರುತ್ತಾರೆ. ಗೈಡು ಮಾತ್ರ, ಅವನ ಕಾಲದ್ದು ಹೌದು, ಅವನು ಹತ್ತಿದ್ದ ಅನ್ನುವುದಕ್ಕೆ ಏನೂ ಆಧಾರವಿಲ್ಲ ಅಂದ.

ನಾನು ಅಲ್ಲಿಂದ ಕಾಲು ಕೀಳಲಿಲ್ಲ. ನಮ್ಮ ಅಮ್ಮನ ತವರು ಲಿಂಗನಮಕ್ಕಿಯಲ್ಲಿ ಮುಳುಗಿದ್ದು. ಮಳೆ ಕಮ್ಮಿಯಾದ ವರ್ಷ ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೇ ಮಡೆನೂರು ಡ್ಯಾಮ್ ಮೇಲೆದ್ದು ಬರುತ್ತದೆ, ನೋಡಿದವರಿಗೆ ಗೊತ್ತು. ಒಂದು ಸಲ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು. ಅವರು ಡ್ಯಾಮ್ ನೋಡಲೇ ಇಲ್ಲ. ಬಿರುಕು ಬಿಟ್ಟ ಕೆಸರಿನಲ್ಲಿ ಒಂದು ಒರಳಿನ ಅಂಚು ಕಂಡು ಅದರ ಮುಂದೆಯೇ ಕೂತುಬಿಟ್ಟಿದ್ದರು. ಯಾರ ಮನೆಯದೋ ಏನೋ. ಟೂರ್ ಮ್ಯಾನೇಜರ್ ಬಂದು "ಟೀಚರ್, ಬಸ್ಸು" ಅಂದಾಗ ಕಣ್ಣು ಒದ್ದೆಯಾಗಿತ್ತು. ಅವನಿಗೆ ಭಕ್ತಿ ಅಂತ ಅನ್ನಿಸಿರಬೇಕು.

ದೋಣಿಗೆ ಸಿಕ್ಕಿದ್ದು 25 ನಿಮಿಷ. ಹೇಗೆ ಗೊತ್ತು ಅಂದರೆ ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಪಿರಿಯಡ್ ಲೆಕ್ಕದಲ್ಲಿ ಬದುಕಿದವಳಿಗೆ ಅದೊಂದು ಚಟ. ಆ ಪುಸ್ತಕ ನೋಡಿದರೆ ಈ ಟೂರಿನ ರೋಗ ಗೊತ್ತಾಗುತ್ತದೆ. ಬೆತ್ಲೆಹೆಮ್‌ನಲ್ಲಿ ಯೇಸು ಹುಟ್ಟಿದ ಗುಹೆಯೊಳಗೆ ನಾವು ಇದ್ದಿದ್ದು ನಾಲ್ಕು ನಿಮಿಷ. ಆಮೇಲೆ ಆಲಿವ್ ಮರದ ಕೆತ್ತನೆ ಅಂಗಡಿಯಲ್ಲಿ ಇದ್ದಿದ್ದು 1 ಗಂಟೆ 35 ನಿಮಿಷ. ಬಾಗಿಲು ಹಾಕಿ ಏಲಕ್ಕಿ ಕಾಫಿ ಕೊಟ್ಟು ಕೂರಿಸಿದರು. ಕೆತ್ತನೆ ಚೆನ್ನಾಗಿಯೇ ಇತ್ತು, ನಮ್ಮ ಸಾಗರದ ಗುಡಿಗಾರರು ಮೆಚ್ಚುವಂಥದ್ದು. ಆದರೆ ನಾವು ಬಂದಿದ್ದು ಅದಕ್ಕಾ?

ಆ ಚರ್ಚಿನ ಬಾಗಿಲು ಮಾತ್ರ ಮರೆಯುವಂಥದ್ದಲ್ಲ. ನಾಲ್ಕಡಿ ಎತ್ತರ ಅಷ್ಟೇ. ಎಷ್ಟು ದೊಡ್ಡ ಮನುಷ್ಯನಾದರೂ ಬಗ್ಗಲೇಬೇಕು. ಇಕ್ಕೇರಿಯ ಅಘೋರೇಶ್ವರನ ಮುಂದೆ ನೆಲದ ಮೇಲೆ ಕೆಳದಿ ನಾಯಕರು ಉದ್ದಂಡ ಬಿದ್ದಿರುವ ಕೆತ್ತನೆ ಇದೆಯಲ್ಲ, ಅದು ನೆನಪಾಯಿತು. ಒಳಗೆ ಆರನೇ ಶತಮಾನದ ಕಂಬಗಳು, ಕೆಳಗೆ ಗುಹೆಯಲ್ಲಿ 14 ಮೂಲೆಯ ಬೆಳ್ಳಿ ನಕ್ಷತ್ರ. ಅಜ್ಜಿ ಅದನ್ನು ಮುಟ್ಟಿ ಎದ್ದೇಳುವುದರೊಳಗೆ ಹಿಂದಿನ ಗುಂಪು ನುಗ್ಗಿತು. ಬೆತ್ಲೆಹೆಮ್ ಇರುವುದು ಪ್ಯಾಲೆಸ್ತೀನ್ ಕಡೆ. ದೊಡ್ಡ ಸಿಮೆಂಟ್ ಗೋಡೆ, ಚೆಕ್‌ಪೋಸ್ಟ್, ಬಂದೂಕು. ಇದು ಯಾವುದೂ ಜಾಹೀರಾತಿನಲ್ಲಿ ಇರುವುದಿಲ್ಲ.

ಯೆರಿಕೋದಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ಬೈಬಲಿನ ಕತೆಯಲ್ಲಿ ಬರುವ ಸುಂಕದವನು ಯೇಸುವನ್ನು ನೋಡಲು ಹತ್ತಿದ ಮರ ಅಂತ ಒಂದು ಅತ್ತಿಯ ಜಾತಿಯ ಮರದ ಮುಂದೆ ಬಸ್ಸು ನಿಲ್ಲಿಸಿದರು. ಎದೆ, ಕಲ್ಲಲ್ಲ. ಆಮೇಲೆ ಖರ್ಜೂರದ ಅಂಗಡಿ, 40 ನಿಮಿಷ. ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ದೂರದಲ್ಲೇ ತೆಲ್ ಅಸ್-ಸುಲ್ತಾನ್ ದಿಬ್ಬ. ಅದರೊಳಗೆ ಹತ್ತು ಸಾವಿರ ವರ್ಷದ ಹಿಂದಿನ ಕಲ್ಲಿನ ಗೋಪುರ, ಎಂಟೂವರೆ ಮೀಟರ್ ಎತ್ತರ, ಒಳಗೆ ಮೆಟ್ಟಿಲು. ಮಡಕೆ ಮಾಡುವುದನ್ನೂ ಕಲಿಯದ ಜನ ಕಟ್ಟಿದ್ದು. ಕ್ಯಾಥ್ಲೀನ್ ಕೆನ್ಯನ್ ಅನ್ನುವ ಹೆಂಗಸು 1950ರ ದಶಕದಲ್ಲಿ ಅಗೆದು ತೆಗೆದದ್ದು. ನಾನು ನವಶಿಲಾಯುಗದ ಪಾಠದಲ್ಲಿ ಯೆರಿಕೋ ಅಂತ ಎಷ್ಟು ಸಲ ಹೇಳಿದ್ದೇನೋ. "ಅದು ಪ್ಯಾಕೇಜಿನಲ್ಲಿಲ್ಲ ಟೀಚರ್, ಬರೀ ಗುಂಡಿ ಇದೆಯಂತೆ" ಅಂದ ಹುಡುಗ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ ಬರೀ ಗುಂಡಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದೇ ಸಭೆಯಲ್ಲಿ ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರವೂ ಸೇರಿದವು. ಪೇಪರಿನ ತುಣುಕನ್ನು ಅವನಿಗೆ ವಾಟ್ಸಾಪ್ ಮಾಡಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಕುಮ್ರಾನ್ 20 ನಿಮಿಷ. ಮೃತ ಸಮುದ್ರದ ಸುರುಳಿಗಳು, ಅಂದರೆ ಯಹೂದಿ ಧರ್ಮಗ್ರಂಥಗಳ ಎರಡು ಸಾವಿರ ವರ್ಷದ ಹಿಂದಿನ ಕೈಬರಹಗಳು ಸಿಕ್ಕಿದ ಗವಿಯೊಂದನ್ನು ದೂರದಿಂದ ನೋಡಿದ್ದಾಯಿತು. ಮೃತ ಸಮುದ್ರದಲ್ಲಿ ಎಲ್ಲರೂ ತೇಲಿದರು, ಗೆಳತಿಯೂ. ನಾನು ದಡದಲ್ಲಿ ಕೂತು ಚಪ್ಪಲಿ ಕಾದೆ.

ಜೆರುಸಲೇಮ್‌ಗೆ ಎರಡೂವರೆ ದಿನ. ಪಶ್ಚಿಮದ ಗೋಡೆಯ ಮುಂದೆ ನನ್ನ ಒಂದು ತಪ್ಪು ತಿದ್ದಿಕೊಂಡೆ. ಇಷ್ಟು ವರ್ಷ ಅದನ್ನು ಯಹೂದಿಗಳ ದೇವಾಲಯದ ಉಳಿದ ಗೋಡೆ ಅಂತ ಪಾಠ ಮಾಡಿದ್ದೆ. ಅಲ್ಲ. ಹೆರೋದ ರಾಜ ಗುಡ್ಡದ ಮೇಲೆ ಜಗತಿಯನ್ನು ದೊಡ್ಡದು ಮಾಡುವಾಗ ಮಣ್ಣು ಜರಿಯದಂತೆ ಕಟ್ಟಿಸಿದ ತಡೆಗೋಡೆ ಅದು. ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ಕೆಡವಿದರು. ಈಗ ಮೇಲೆ ಚಿನ್ನದ ಗುಮ್ಮಟ ಇದೆ, ಖಲೀಫ ಅಬ್ದುಲ್ ಮಲಿಕ್ ಏಳನೇ ಶತಮಾನದ ಕೊನೆಗೆ ಕಟ್ಟಿಸಿದ್ದು. ಜಾಹೀರಾತಿನಲ್ಲಿರುವ ಫೋಟೋ ಅದೇ, ಆದರೆ ಟೂರಿನಲ್ಲಿ ಅಲ್ಲಿಗೆ ಹೋಗುವುದೇ ಇಲ್ಲ. ಆಲಿವ್ ಗುಡ್ಡದ ಮೇಲಿಂದ ನೋಡುವುದು ಅಷ್ಟೇ. ಗೋಡೆಯ ಸಂದಿಯಲ್ಲಿ ಜನ ಚೀಟಿ ಸಿಗಿಸುತ್ತಾರೆ. ಗೆಳತಿ ಯಜಮಾನರ ಕಾಲಿಗೆ ಒಂದು ಸಿಗಿಸಿದಳು. ಕನ್ನಡದಲ್ಲಿ ಬರೆದಿದ್ದಳು.

ಪವಿತ್ರ ಸಮಾಧಿಯ ಚರ್ಚು. ಯೇಸುವನ್ನು ಶಿಲುಬೆಗೇರಿಸಿ ಸಮಾಧಿ ಮಾಡಿದ್ದು ಇಲ್ಲೇ ಅಂತ ನಂಬಿಕೆ. ಇದಕ್ಕೇ ಎಲ್ಲರೂ ಬಂದಿದ್ದು. ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ ಕಟ್ಟಿ 335ರಲ್ಲಿ ಪ್ರತಿಷ್ಠೆ ಮಾಡಿದ್ದು, 1009ರಲ್ಲಿ ಖಲೀಫ ಅಲ್ ಹಾಕಿಮ್ ಕೆಡವಿಸಿದ್ದು, ಆಮೇಲೆ ಮತ್ತೆ ಕಟ್ಟಿದ್ದು. ಹೊರಗಿನಿಂದ ನೋಡಿದರೆ ಅಷ್ಟೇನೂ ಅಂದವಿಲ್ಲ. ಆರು ಪಂಗಡದವರು ಒಂದೇ ಸೂರಿನಡಿ ಇದ್ದಾರೆ: ಗ್ರೀಕರು, ಕ್ಯಾಥೊಲಿಕರು, ಅರ್ಮೇನಿಯದವರು, ಈಜಿಪ್ಟಿನ ಕಾಪ್ಟರು, ಸಿರಿಯದವರು, ಇಥಿಯೋಪಿಯದವರು. ಯಾವ ಕಂಬ ಯಾರದ್ದು, ಯಾವ ಮೆಟ್ಟಿಲು ಯಾರು ಗುಡಿಸಬೇಕು ಅಂತೆಲ್ಲ ಒಟ್ಟೊಮನ್ನರ ಕಾಲದಿಂದ ನಿಗದಿ. ಬಾಗಿಲ ಮೇಲಿನ ಕಿಟಕಿಗೆ ಒಂದು ಮರದ ಏಣಿ ಒರಗಿಸಿದೆ. 18ನೇ ಶತಮಾನದಿಂದಲೂ ಅಲ್ಲೇ ಇದೆ. ಎಲ್ಲರೂ ಒಪ್ಪದೆ ಯಾರೂ ತೆಗೆಯುವ ಹಾಗಿಲ್ಲ. ಹಿಸ್ಸೆಯಾದ ಮನೆಯ ಜಗಲಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಂಚು ಒಡೆದರೂ ಅಣ್ಣ ಮುಟ್ಟುವುದಿಲ್ಲ, ತಮ್ಮ ಮುಟ್ಟುವುದಿಲ್ಲ. ಬೀಗದ ಕೈ ಮಾತ್ರ ಒಂದು ಮುಸ್ಲಿಂ ಮನೆತನದ ಹತ್ತಿರ, ಬಾಗಿಲು ತೆಗೆಯುವುದು ಇನ್ನೊಂದು ಮುಸ್ಲಿಂ ಮನೆತನ. ನೂರಾರು ವರ್ಷದಿಂದ ಹಾಗೇ ನಡೆದಿದೆ.

ಗೈಡು ಇಲ್ಲಿ ತಟ್ಟಿ ಎದೆಯನ್ನೂ ಮುಟ್ಟಿಕೊಂಡ. ಯೇಸುವಿನ ಕಾಲಕ್ಕೆ ಈ ಜಾಗ ಊರ ಗೋಡೆಯ ಹೊರಗೆ ಇತ್ತು, ಹಳೇ ಕಲ್ಲುಗಣಿ, ಸಮಾಧಿಗಳನ್ನು ಕೊರೆಯುವ ಜಾಗ. ಹಿಂಭಾಗದ ಸಿರಿಯನ್ ಪ್ರಾರ್ಥನಾ ಕೋಣೆಯ ಕತ್ತಲಲ್ಲಿ ಟಾರ್ಚ್ ಬಿಟ್ಟು ಬಂಡೆಯಲ್ಲಿ ಕೊರೆದ ಅಂಥ ಗೂಡುಗಳನ್ನು ತೋರಿಸಿದ. ಅದು ಕಲ್ಲು. ಯಾವುದು ಯಾರ ಸಮಾಧಿ ಅನ್ನುವುದು ಎದೆ.

ಇಷ್ಟು ಹೇಳುವುದರೊಳಗೆ ನಮ್ಮ ಟೈಮ್ ಮುಗಿದಿತ್ತು! ಕಂಪನಿ ಇಟ್ಟಿದ್ದು ಒಂದು ಗಂಟೆ. ಸಮಾಧಿಯ ಒಳಗೆ ಹೋಗುವ ಕ್ಯೂ ಎರಡು ಗಂಟೆಯದು. ಗಟ್ಟಿಗರು ನುಗ್ಗಿ ಹೋಗಿ ಬಂದರು. ಅಜ್ಜಿ ಕಂಬಕ್ಕೆ ಒರಗಿ ನಿಂತೇ ಇದ್ದರು. "ಹೊರಗಿಂದ ನೋಡಿದ್ರೂ ಅದೇ ಪುಣ್ಯ ಅಮ್ಮ" ಅಂದ ಹುಡುಗ. ಅಜ್ಜಿ ಏನೂ ಅನ್ನಲಿಲ್ಲ. ಆ ರಾತ್ರಿ ಊಟ ಮಾಡಲಿಲ್ಲ.

ಗೈಡು ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದ್ದ, ಬೆಳಗಿನ ಜಾವವೇ ಬಾಗಿಲು ತೆಗೆಯುತ್ತಾರೆ, ಆಗ ಜನ ಇರುವುದಿಲ್ಲ ಅಂತ. ನಮ್ಮ ಹೋಟೆಲ್ ಡಮಾಸ್ಕಸ್ ಬಾಗಿಲಿನ ಹತ್ತಿರ. ಮಾರನೇ ದಿನ ಐದೂವರೆಗೆ ಅಜ್ಜಿ, ಗೆಳತಿ, ನಾನು ಮೂವರೂ ಹೊರಟೆವು. ಚಳಿ, ಹಾಸುಗಲ್ಲು ಜಾರುತ್ತಿತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ಒಂದು ಬ್ರೆಡ್ ಗಾಡಿ ಮಾತ್ರ ನಮ್ಮನ್ನು ದಾಟಿತು. ಒಳಗೆ ಆರೇಳು ಜನ. ಅಜ್ಜಿ ಬಗ್ಗಿ ಸಮಾಧಿಯ ಒಳಗೆ ಹೋದರು, ನಾನು ಹಿಂದೆ. ಮೂರು ಜನ ನಿಂತರೆ ತುಂಬುವ ಕೋಣೆ. ಅಮೃತಶಿಲೆಯ ಹಾಸಿನ ಮೇಲೆ ಎರಡೂ ಅಂಗೈ ಊರಿ, ಕಣ್ಣು ಮುಚ್ಚಿ, ಅಜ್ಜಿ ಹಾಗೇ ಇದ್ದುಬಿಟ್ಟರು. ಬಾಗಿಲಲ್ಲಿದ್ದ ಗಡ್ಡದ ಸಂನ್ಯಾಸಿ ನಮ್ಮನ್ನು ಹೊರಡಿ ಅನ್ನಲಿಲ್ಲ. ಹೊರಗೆ ಬಂದ ಮೇಲೆ ಅಜ್ಜಿ ಕೇಳಿದ್ದು ಒಂದೇ, "ಇಲ್ಲಿ ಎಲ್ಲಾದ್ರೂ ಚಾ ಸಿಗುತ್ತಾ?"

ಆ ದಿನ ಮಧ್ಯಾಹ್ನ ಶಾಪಿಂಗ್‌ಗೆ ಬಿಟ್ಟಿದ್ದರು. ನಾನು, ಗೆಳತಿ ಇಬ್ಬರೇ ಹಿಜ್ಕೀಯನ ಸುರಂಗಕ್ಕೆ ಹೋದೆವು. ಹಿಜ್ಕೀಯ ಅಂದರೆ ಜೆರುಸಲೇಮಿನ ಹಳೇ ಕಾಲದ ರಾಜ. ಇದೂ ಗೈಡು ಹೇಳಿಕೊಟ್ಟಿದ್ದೇ. ಪ್ಯಾಕೇಜಿನಲ್ಲಿಲ್ಲ, ಟಿಕೆಟ್ ನಾವೇ ತಗೊಂಡೆವು. ಹಳೇ ಊರಿನ ಗೋಡೆಯ ದಕ್ಷಿಣಕ್ಕೆ ಇಳಿಜಾರಿನಲ್ಲಿದೆ. ಕ್ರಿ.ಪೂ. ಎಂಟನೇ ಶತಮಾನದಲ್ಲಿ ಅಸ್ಸೀರಿಯದ ದಂಡು ಬರುತ್ತದೆ ಅನ್ನುವ ಹೆದರಿಕೆಯಲ್ಲಿ, ಗೋಡೆಯ ಹೊರಗಿದ್ದ ಗೀಹೋನ್ ಬುಗ್ಗೆಯ ನೀರನ್ನು ಊರೊಳಗೆ ತರಲು ಬಂಡೆ ಕೊರೆದದ್ದು ಅಂತ ಹೇಳುತ್ತಾರೆ. 533 ಮೀಟರ್. ಎರಡೂ ಕಡೆಯಿಂದ ಕೊರೆಯುತ್ತಾ ಬಂದು ನಡುವೆ ಸೇರಿಸಿದ್ದಾರೆ.

ಚೂಡಿದಾರ ಮಡಚಿ, ಚಪ್ಪಲಿ ಸಮೇತ ನೀರಿಗಿಳಿದೆವು. ಮೊದಲು ತೊಡೆಯ ತನಕ, ಆಮೇಲೆ ಮೊಣಕಾಲಿನ ತನಕ. ಐಸಿನಂಥ ನೀರು. ಒಳಗೆ ದೀಪ ಇಲ್ಲ, ನಮ್ಮ ಟಾರ್ಚೇ ಗತಿ. ಎರಡೂ ಭುಜ ಗೋಡೆಗೆ ತಾಗುತ್ತವೆ, ಕೆಲವು ಕಡೆ ತಲೆ ತಗ್ಗಿಸಬೇಕು. ಗೋಡೆಯ ಮೇಲೆ ಉಳಿಯ ಗುರುತುಗಳು ನಿನ್ನೆ ಹೊಡೆದ ಹಾಗಿವೆ. ಬೆರಳು ಸವರಿಕೊಂಡು ಹೋದೆ. ಎಲ್ಲ ಗೆರೆಗಳೂ ಒಂದೇ ಕಡೆಗೆ ವಾಲಿದ್ದವು. ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಗೆರೆಗಳು ಉಲ್ಟಾ ಆದವು. "ಏ, ನಿಲ್ಲು" ಅಂದೆ. ಎದುರಿನಿಂದ ಬಂದವರ ಉಳಿ ಅದು. ಇಲ್ಲೇ ಸೇರಿದ್ದು!

1880ರಲ್ಲಿ ಒಬ್ಬ ಹುಡುಗನ ಕಣ್ಣಿಗೆ ಈ ಸುರಂಗದ ಗೋಡೆಯ ಶಾಸನ ಬಿತ್ತು. ಅಸಲಿ ಕಲ್ಲು ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ. ಆರೇ ಸಾಲು. ಇನ್ನು ಮೂರು ಮೊಳ ಇರುವಾಗ ಆಚೆಯವನು ಕೂಗಿದ್ದು ಈಚೆಯವನಿಗೆ ಕೇಳಿಸಿತು, ಗುದ್ದಲಿಗೆ ಗುದ್ದಲಿ ತಾಗಿತು, 1200 ಮೊಳ ನೀರು ಹರಿಯಿತು ಅಂತ ಬರೆದಿದೆ. ರಾಜನ ಹೆಸರೇ ಇಲ್ಲ! ನಮ್ಮ ಶಾಸನಗಳಲ್ಲಿ "ಸ್ವಸ್ತಿ ಸಮಸ್ತ ಭುವನಾಶ್ರಯ ಶ್ರೀ ಪೃಥ್ವೀವಲ್ಲಭ ಮಹಾರಾಜಾಧಿರಾಜ" ಅಂತ ಅರ್ಧ ಕಲ್ಲು ರಾಜನ ಬಿರುದಿಗೇ ಹೋಗುತ್ತದೆ. ತಾಳಗುಂದದ ಕಂಬದಲ್ಲಿ ಕದಂಬರ ವಂಶಾವಳಿ ಇದೆ, ಬರೆದ ಕವಿ ಕುಬ್ಜನ ಹೆಸರೂ ಇದೆ, ಕೂಲಿಯವರ ಉಸಿರು ಇಲ್ಲ. ಇಲ್ಲಿ ಕೂಲಿಯವರ ಕೂಗು ಮಾತ್ರ ಇದೆ. ಟಾರ್ಚ್ ಆರಿಸಿ ಒಂದು ನಿಮಿಷ ನಿಂತೆವು. ಗೆಳತಿ "ಏ" ಅಂತ ಮೆಲ್ಲಗೆ ಕೂಗಿದಳು. ನಾನು "ಓ" ಅಂದೆ. ಇಬ್ಬರಿಗೂ 60 ದಾಟಿದೆ, ನೆನಪಿರಲಿ.

ಇಳಿಜಾರು ಬರೀ ಒಂದಡಿ ಅಂತೆ, ಈ ತುದಿಯಿಂದ ಆ ತುದಿಗೆ. ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ತೋಟದ ಬಸಿಗಾಲುವೆಗೆ ಇಳಿಜಾರು ಹೊಂದಿಸಲು ಪ್ರತಿ ವರ್ಷ ಒದ್ದಾಡುವ ಮನುಷ್ಯ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ "ಲೆವೆಲ್ ಪೈಪ್ ಇಲ್ದೆ?" ಅಂದರು.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ ಇಷ್ಟು. ದುಡ್ಡು ಕಟ್ಟುವ ಮೊದಲು ದಿನದ ಪಟ್ಟಿ ತಗೊಂಡು, ಪ್ರತಿ ಜಾಗಕ್ಕೂ ಎಷ್ಟು ಹೊತ್ತು, ಅಂಗಡಿಗೆ ಎಷ್ಟು ಹೊತ್ತು ಅಂತ ಬರೆಸಿಕೊಳ್ಳಿ. 27 ಪುಣ್ಯಸ್ಥಳ ಅಂದರೆ 14 ಸಾಕು ಅನ್ನಿ. ಸಮಾಧಿ ಚರ್ಚಿಗೆ ಅರ್ಧ ದಿನ ಕೊಡದಿದ್ದರೆ ಬೇರೆ ಕಂಪನಿ ನೋಡಿ. ಕನ್ನಡ ವಿವರಣೆ ಮಾಡುವವನು ಯಾರು ಅಂತ ಕೇಳಿ, ಸಾಧ್ಯವಾದರೆ ಅವನ ಜೊತೆ ಹತ್ತು ನಿಮಿಷ ಮಾತಾಡಿ. ಕಿವಿಗೆ ಹಾಕಿಕೊಳ್ಳುವ ರೇಡಿಯೋ ಕೊಡುತ್ತಾರೆ, ಒಳ್ಳೆಯದೇ, ಆದರೆ ನಮ್ಮದರಲ್ಲಿ ಮೂರನೇ ದಿನ ಅರ್ಧದಷ್ಟರ ಬ್ಯಾಟರಿ ಸತ್ತಿತ್ತು. ಜಾರದ ಶೂ, ಟಾರ್ಚ್ ತಗೊಳ್ಳಿ. ಅವಲಕ್ಕಿ ಬೇಡ. ಹೋಟೆಲ್ ಜೆರುಸಲೇಮ್‌ನಲ್ಲೇ, ಹಳೇ ಊರಿಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ನಮಗೆ ಅದೊಂದು ಸಿಕ್ಕಿದ್ದಕ್ಕೆ ಕಂಪನಿಗೆ ಎರಡೂವರೆ ಸ್ಟಾರ್, ಇಲ್ಲದಿದ್ದರೆ ಒಂದೇ.

ಗೈಡಿಗೆ ಪೂರ್ತಿ ಐದು. ಯುದ್ಧ ಶುರುವಾದ ಮೇಲೆ ಒಂದು ಮೆಸೇಜ್ ಹಾಕಿದ್ದೆ. ಮನೆಯವರೆಲ್ಲ ಚೆನ್ನಾಗಿದ್ದೇವೆ, ಬಸ್ಸಿಲ್ಲ, ಕೆಲಸವಿಲ್ಲ ಅಂತ ಬರೆದಿದ್ದ. ಕಳೆದ ವಾರ ಗೆಳತಿಯ ಫೋನು ಬಂತು. ಈಜಿಪ್ಟ್ ಸೇರಿಸಿದ ಹೊಸ ಪ್ಯಾಕೇಜ್ ಬಂದಿದೆಯಂತೆ, ಅವಳ ಯಜಮಾನರ ಕಾಲು ಈಗ ವಾಸಿಯಂತೆ, ಮೂವರೂ ಹೋಗೋಣ ಅಂತೆ. ನನಗೆ ಮಂಡಿ ನೋವು ಕಣೇ ಅಂದೆ.

"ಸುರಂಗದಲ್ಲಿ ನಡೆಯುವಾಗ ಎಲ್ಲಿತ್ತೇ ಆ ಮಂಡಿ?" ಅಂದಳು.